ಸೋಮವಾರ ಬರೆದದ್ದು

ಸತ್ತ ಪೆನ್‌ಡ್ರೈವ್ ತಂದುಕೊಡುವವರೆಲ್ಲ ಒಂದೇ ಸುಳ್ಳು ಹೇಳುತ್ತಾರೆ. "ಏನೂ ಮಾಡಿಲ್ಲ ಮೇಡಂ, ಸುಮ್ನೆ ಇಟ್ಟಿದ್ದೆ, ತಾನಾಗೇ ಹೋಯ್ತು." ಮೇಲೆ ಹಲ್ಲಿನ ಗುರುತು ಎದ್ದು ಕಾಣುತ್ತಿದ್ದರೂ ಇದೇ ಮಾತು. ಅಕ್ಕ ಆ ಸುಳ್ಳನ್ನೂ ಹೇಳಲಿಲ್ಲ. ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯಲು ಹೋಗುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದಳು. ಕರವಸ್ತ್ರದ ಗಂಟು ಬಿಚ್ಚಿ, ಹೆಬ್ಬೆರಳಷ್ಟು ಉದ್ದದ ಕಪ್ಪು ಪೆನ್‌ಡ್ರೈವೊಂದನ್ನು ನನ್ನ ಅಂಗೈಗೆ ಹಾಕಿದಳು.

"ಇವರು ಸಿಕ್ಕ ಸಿಕ್ಕ ಕಂಪ್ಯೂಟರಿಗೆಲ್ಲ ಚುಚ್ಚಿದ್ರು ಕಣೇ. ಕೊನೇದ್ರಲ್ಲಿ ಹೊಗೆ ಬಂತು. ನಿಮ್ಮ ಭಾವನ ಮಾನ ಇದ್ರೊಳಗಿದೆ. ಹೆಂಗಾದ್ರೂ ಮಾಡಿ ತೆಗೆದುಕೊಡು."

ಭಾವ ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷದಿಂದ ಒಂದೇ ಕಂಪನಿ, ಅವರ ಕೈಕೆಳಗೆ ಒಂಬತ್ತು ಕಟ್ಟಡಗಳು. ಮೂರು ವಾರದ ಹಿಂದೆ ಆ ಒಂಬತ್ತರಲ್ಲೊಂದು ಕಟ್ಟಡದ ಲಿಫ್ಟ್ ನಾಲ್ಕನೆಯ ಮಹಡಿಯಿಂದ ಜಾರಿ ತಳದ ಗುಂಡಿಗೆ ಬಂದು ಬಡಿದಿತ್ತು. ಒಳಗಿದ್ದವಳು ಒಬ್ಬಳೇ, ಕಟ್ಟಡ ಗುಡಿಸಿ ಒರೆಸುವ ಹೆಂಗಸು. ಜೀವ ಉಳಿಯಿತು, ಸೊಂಟ ಮತ್ತು ಬಲಗಾಲು ಮುರಿದವು.

ವಿಚಾರಣೆಗೆ ಮೂರು ಜನರ ಸಮಿತಿ ಕೂತಿತು. ಕಟ್ಟಡದ ಮ್ಯಾನೇಜರ್ ಭಾವನ ಆ ತಿಂಗಳ ವರದಿಯನ್ನು ತಂದು ತೋರಿಸಿದ: ಬ್ರೇಕ್ ಸರಿಯಿದೆ, ಹಗ್ಗ ಸರಿಯಿದೆ, ಬಾಗಿಲು ಸರಿಯಿದೆ, ಲಿಫ್ಟ್ ಓಡಿಸಬಹುದು. ಎರಡು ಹಾಳೆಯ ವರದಿ, ಎರಡನೆಯ ಹಾಳೆಯಲ್ಲಿ ಭಾವನ ಸಹಿ. ಭಾವ ಅದನ್ನು ನೋಡಿ ಎದ್ದು ನಿಂತರಂತೆ. ಸಹಿ ನನ್ನದೇ, ಆದರೆ ನಾನು ಬರೆದದ್ದು ಇದಲ್ಲ. ಬ್ರೇಕ್ ಸವೆದಿದೆ, ಲಿಫ್ಟ್ ನಿಲ್ಲಿಸಿ ಎಂದು ಬರೆದಿದ್ದೆ, ಮೊದಲ ಹಾಳೆ ಬದಲಾಯಿಸಿದ್ದಾರೆ ಎಂದು ಕೂಗಾಡಿದರು. ಕಂಪನಿ ಅವರನ್ನು ಕೆಲಸದಿಂದ ದೂರ ಇಟ್ಟಿತು. ಅವರು ಬರೆದದ್ದರ ಮೂಲ ಪ್ರತಿ ಇದ್ದದ್ದು ಈ ಪೆನ್‌ಡ್ರೈವಿನಲ್ಲಿ ಮಾತ್ರ.

ಮ್ಯಾನೇಜರ್ ಮೇಲೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು, ಇಡೀ ಕಟ್ಟಡ ತನ್ನ ಅಪ್ಪನದು ಎನ್ನುವಂತೆ ಝಣಝಣ ಮಾಡಿಕೊಂಡು ನಡೆಯುವ ಆಸಾಮಿ. ನಮ್ಮ ಮನೆಯಲ್ಲಿ ಅವನಿಗೆ ಗೊಂಚಲು ಎಂದೇ ಹೆಸರು. ಗೊಂಚಲು ಕಾಗದ ಬದಲಾಯಿಸಿದ ಎಂದಾಗ ನಾನು ಒಂದು ಗಳಿಗೆಯೂ ಅನುಮಾನಪಡಲಿಲ್ಲ.

ಇನ್ನು ಭಾವನ ಮಾತು. ನಾನು ಹತ್ತನೆಯ ತರಗತಿಯಲ್ಲಿ ಡುಮ್ಕಿ ಹೊಡೆದು, ಮನೆಯವರನ್ನೆಲ್ಲ ಕಚ್ಚಲು ಹೋಗುತ್ತಿದ್ದ ಕಾಲ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಭಾವ ಸುಟ್ಟುಹೋದ ಲಿಫ್ಟ್ ಬೋರ್ಡೊಂದನ್ನು ತಂದು ಮುಂದಿಟ್ಟು, ಸೋಲ್ಡರಿಂಗ್ ಐರನ್ನನ್ನು ಕೈಗೆ ಕೊಟ್ಟು, "ಸಿಟ್ಟಿದ್ರೆ ಇದರ ಮೇಲೆ ತೀರಿಸ್ಕೋ, ಕಿಡಿ," ಅಂದರು. ಅಂದಿನಿಂದ ಅವರ ಬಾಯಲ್ಲಿ ನಾನು ಕಿಡಿ. ಇವತ್ತು ನಾನು ತಿನ್ನುವ ಅನ್ನ ಆ ಬೋರ್ಡಿನಿಂದ ಹುಟ್ಟಿದ್ದು. ಹಾಗಾಗಿ ಅಕ್ಕನಿಗೆ, "ಹೋಗು, ಮನೆಗೆ ಹೋಗಿ ಮಲಗು, ನಾನು ನೋಡ್ಕೋತೀನಿ," ಅಂದೆ. ಗಿರಾಕಿಗಳಿಗೆ ನಾನು ಎಂದೂ ಆಡದ ಮಾತು ಅದು.

ಈ ಕೆಲಸ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ಪೆನ್‌ಡ್ರೈವಿನೊಳಗೆ ಮುಖ್ಯವಾಗಿ ಇರುವುದು ಎರಡು ಚಿಪ್. ಮೆಮೊರಿ ಚಿಪ್ ಎನ್ನುವುದು ಉಗ್ರಾಣ. ಕಂಟ್ರೋಲರ್ ಎನ್ನುವುದು ಆ ಉಗ್ರಾಣ ಕಾಯುವ ಮುದುಕ. ಮುದುಕ ಮಹಾ ಕಿಲಾಡಿ. ಯಾವುದನ್ನೂ ಬಂದ ಕ್ರಮದಲ್ಲಿ ಇಡುವುದಿಲ್ಲ, ಬರೆಯುವುದೂ ತನಗೊಬ್ಬನಿಗೇ ಅರ್ಥವಾಗುವ ಗೀಚು. ಒಂದು ಫೈಲನ್ನು ತಿದ್ದಿ ಬರೆದರೆ ಹಳೆಯದನ್ನು ಅಲ್ಲೇ ಅಳಿಸುವುದೂ ಇಲ್ಲ. ಹೊಸದನ್ನು ಬೇರೆ ಮೂಲೆಗೆ ಹಾಕಿ, ಇದು ಹೊಸದು ಎಂದು ಪಕ್ಕದಲ್ಲಿ ಒಂದು ಅಂಕಿ ಬರೆದುಕೊಳ್ಳುತ್ತಾನೆ. ಹಳೆಯದು ಸ್ವಲ್ಪ ಕಾಲ ಹಾಗೇ ಬಿದ್ದಿರುತ್ತದೆ. ಭಾವನ ಪೆನ್‌ಡ್ರೈವಿನಲ್ಲಿ ಸುಟ್ಟುಹೋಗಿದ್ದು ಈ ಮುದುಕ. ಉಗ್ರಾಣ ಗಟ್ಟಿಯಾಗಿತ್ತು.

ಬಿಸಿಗಾಳಿ ಬಿಟ್ಟು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೆಮೊರಿ ಚಿಪ್ಪನ್ನು ಬೋರ್ಡಿನಿಂದ ಎತ್ತಿದೆ. ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಚಿಪ್ಪಿನ ಬೆನ್ನ ಮೇಲೆ ತಯಾರಿಸಿದವರ ಹೆಸರು, ನಂಬರು ಇರಬೇಕು. ಇದರ ಬೆನ್ನನ್ನು ಯಾರೋ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದರು. ಚಿಪ್ ಓದುವ ರೀಡರಿಗೆ ಹಾಕಿ ನಿನ್ನ ಗುರುತೇನು ಎಂದು ಕೇಳಿಸಿದರೆ, ನನ್ನ ಪಟ್ಟಿಯಲ್ಲಿರುವ ಮೂರು ಸಾವಿರ ಚಿಪ್‌ಗಳಲ್ಲಿ ಯಾವುದಕ್ಕೂ ಸೇರದ ಉತ್ತರ ಬಂತು. ಅಕ್ಕ ನನ್ನ ಬಳಿ ತರುವ ಮೊದಲೇ ಸಮಿತಿಯವರು ಇದನ್ನು ಎರಡು ದೊಡ್ಡ ಲ್ಯಾಬುಗಳಿಗೆ ತೋರಿಸಿ, ಎರಡೂ ಕಡೆ ಇಂಥ ಗುರುತಿಲ್ಲದ್ದು ನಮ್ಮಿಂದ ಆಗದು ಅನ್ನಿಸಿಕೊಂಡಿದ್ದರು. ನಾನು ಭಾವನ ನಾದಿನಿ ಎಂದು ಗೊತ್ತಿದ್ದೂ ನನ್ನ ಕೈಗೆ ಬಿಟ್ಟದ್ದು ಬೇರೆ ಗತಿ ಇಲ್ಲದೆ.

ಐದು ದಿನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದೆ. ಓದಿದಷ್ಟೂ ಕಸವೇ ಬರುತ್ತಿತ್ತು. ಕೊನೆಗೆ ಅಕ್ಕ ಫೋನಿನಲ್ಲಿ ಹೇಳಿದ ಒಂದು ಮಾತು ದಾರಿ ತೋರಿಸಿತು: ಕಂಪನಿಯವರು ಎಂಟು ವರ್ಷದ ಹಿಂದೆ ಮೆಕ್ಯಾನಿಕ್‌ಗಳಿಗೆಲ್ಲ ಇಂಥದ್ದೇ ಪೆನ್‌ಡ್ರೈವ್ ಹಂಚಿದ್ದರಂತೆ. ಭಾವನ ಜೊತೆಯವರಿಂದ ಎರಡನ್ನು ಕೇಳಿ ತರಿಸಿದೆ. ಬಿಚ್ಚಿ ನೋಡಿದರೆ ಒಂದರಲ್ಲಿ ಬೇರೆ ಚಿಪ್, ಇನ್ನೊಂದರಲ್ಲಿ ಅದೇ ನುಣ್ಣನೆಯ ಬೆನ್ನು. ಭಾವನದಕ್ಕೆ ತಕ್ಕ ಜೋಡಿ ಅದು; ಅದನ್ನು ಪೂರ್ತಿ ಸೊನ್ನೆಗಳಿಂದ ತುಂಬಿಸಿ, ಆಮೇಲೆ ಅದರ ಚಿಪ್ಪನ್ನೂ ಕಿತ್ತು ಓದಿದೆ. ಬರೆದದ್ದು ಬರೀ ಸೊನ್ನೆ ಎಂದು ನನಗೆ ಗೊತ್ತು. ಹಾಗಾಗಿ ಕಂಡದ್ದೆಲ್ಲ ಮುದುಕನ ಗೀಚು. ಆ ಗೀಚನ್ನು ಭಾವನ ಚಿಪ್ಪಿನಿಂದ ಕಳೆದಾಗ ಪರದೆಯ ಮೇಲೆ ಮೊದಲ ಬಾರಿ ಅಕ್ಷರಗಳು ಕಂಡವು. "ಬಾಗಿಲಿನ ಉರುಳೆ" ಎಂಬ ಎರಡೇ ಪದ. ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ.

ಆಮೇಲೆ ಉಳಿದದ್ದು ಚೂರುಗಳನ್ನು ಜೋಡಿಸುವ ಕೆಲಸ. ನನಗೆ ಬೇಕಾದ ವರದಿ ಎರಡು ಕಡೆ ಇತ್ತು, ಹಳೆಯದೊಂದು ಹೊಸದೊಂದು. ಒಂದರ ಪಕ್ಕದ ಅಂಕಿ ಎಪ್ಪತ್ತೆರಡು, ಇನ್ನೊಂದರದು ಎಪ್ಪತ್ತೊಂದು. ನಾನು ಕಂಡ ಚಿಪ್‌ಗಳಲ್ಲೆಲ್ಲ ದೊಡ್ಡ ಅಂಕಿಯೇ ಹೊಸದು. ಎಪ್ಪತ್ತೆರಡನ್ನು ತೆರೆದೆ.

"ಬ್ರೇಕ್ ಲೈನಿಂಗ್ ಪೂರ್ತಿ ಸವೆದಿದೆ. ಬದಲಾಯಿಸುವವರೆಗೆ ಲಿಫ್ಟ್ ಓಡಿಸಬಾರದು." ಕೆಳಗೆ ಸೋಮವಾರದ ತಾರೀಕು, ಅಪಘಾತಕ್ಕೆ ಸರಿಯಾಗಿ ಒಂದು ವಾರ ಮೊದಲಿನದು.

ಎಪ್ಪತ್ತೊಂದನ್ನು ನಾನು ತೆರೆದು ನೋಡಲೂ ಇಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಅಕ್ಕನಿಗೆ ಫೋನು ಮಾಡಿದೆ. ಅವಳು ಅತ್ತಳು. ಹಿಂದಿನಿಂದ ಭಾವ, "ನಾನು ಹೇಳಲಿಲ್ವಾ? ಹೇಳಲಿಲ್ವಾ ನಾನು?" ಅನ್ನುತ್ತಿದ್ದದ್ದು ಕೇಳಿಸಿತು. ಮಧ್ಯಾಹ್ನವೇ ನನ್ನ ಅಂಗಡಿಯ ಮೊಹರು ಹಾಕಿ ಸಮಿತಿಗೆ ಪತ್ರ ಕೊಟ್ಟೆ: ಪೆನ್‌ಡ್ರೈವಿನಲ್ಲಿ ಕೊನೆಯದಾಗಿ ಉಳಿಸಿದ ವರದಿ ಇದೇ.

ಗೊಂಚಲಿಗೆ ಕಷ್ಟ ಶುರುವಾಯಿತು. ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಪೊಲೀಸರಿಗೆ ಒಪ್ಪಿಸುವ ಮಾತು ಬಂತು. ಅವನು ಊಟ ಬಿಟ್ಟಿದ್ದಾನೆ ಎಂದು ಯಾರೋ ಹೇಳಿದಾಗ, "ಉಪ್ಪು ತಿಂದವನು ನೀರು ಕುಡೀಲೇಬೇಕು," ಎಂದವಳು ನಾನೇ.

ಮುಂದಿನ ವಿಚಾರಣೆಗೆ ಎರಡು ದಿನ ಇದೆ ಎನ್ನುವಾಗ ಸಮಿತಿಯ ಗುಮಾಸ್ತ ಫೋನು ಮಾಡಿ, "ಒಂದು ವರದಿ ಸಾಲದು ಮೇಡಂ, ಅದರಲ್ಲಿರೋ ಎಲ್ಲ ಫೈಲುಗಳ ಪಟ್ಟಿ, ತಾರೀಕಿನ ಸಮೇತ ಬೇಕು," ಅಂದ. ಗೊಣಗುತ್ತಲೇ ಪಟ್ಟಿ ಮಾಡಲು ಕೂತೆ. ಭಾವನ ಒಂಬತ್ತು ಕಟ್ಟಡಕ್ಕೆ ಒಂಬತ್ತು ವರದಿ. ಎಂಟರ ಮೇಲೆ ಹಿಂದಿನ ತಿಂಗಳ ತಾರೀಕು ಇತ್ತು. ಆದರೆ ಅಪಘಾತಕ್ಕೆ ನಾಲ್ಕು ದಿನ ಮೊದಲಿನ ಗುರುವಾರ ಭಾವ ಒಂಬತ್ತನ್ನೂ ಹೊಸದಾಗಿ ಮುದ್ರಿಸಿ ಕೊಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಹಾಗಿದ್ದರೆ ಗುರುವಾರದವು ಎಲ್ಲಿ ಹೋದವು? ಆರೇಳು ಫೋಟೊಗಳೂ ಅರ್ಧರ್ಧ ಹರಿದು ಬಂದಿದ್ದವು. ಚಿಪ್ ಹಳೆಯದು, ಅದಕ್ಕೇ ಹೀಗೆ ಎಂದು ಮೊದಲ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಆ ಅಂಕಿಗಳ ಮೇಲೇ ಅನುಮಾನ ಬಂತು.

ಜೋಡಿಯ ಚಿಪ್ಪನ್ನು ಮತ್ತೆ ಅದರ ಬೋರ್ಡಿಗೆ ಕೂರಿಸಿದೆ. ಒಂದು ಫೈಲಿನಲ್ಲಿ "ಮೊದಲು" ಎಂದು ಬರೆದು ಉಳಿಸಿದೆ. ಅದೇ ಫೈಲಿನಲ್ಲಿ ಅದನ್ನು ಅಳಿಸಿ "ಆಮೇಲೆ" ಎಂದು ಬರೆದು ಉಳಿಸಿದೆ. ಚಿಪ್ ಕಿತ್ತು ಓದಿದೆ. "ಮೊದಲು" ಪಕ್ಕದಲ್ಲಿ ಇನ್ನೂರು ಇತ್ತು. "ಆಮೇಲೆ" ಪಕ್ಕದಲ್ಲಿ ನೂರ ತೊಂಬತ್ತೊಂಬತ್ತು.

ಈ ಮುದುಕ ಹಿಂದಕ್ಕೆ ಎಣಿಸುತ್ತಿದ್ದ. ಅರ್ಧ ಗಂಟೆಯ ಪರೀಕ್ಷೆ ಅದು. ಇನ್ಯಾರದೋ ಪೆನ್‌ಡ್ರೈವ್ ಆಗಿದ್ದರೆ ಮೊದಲ ದಿನವೇ ಮಾಡಿರುತ್ತಿದ್ದೆ.

ಎಪ್ಪತ್ತೊಂದನ್ನು ತೆರೆದೆ. ಬ್ರೇಕ್ ಸರಿಯಿದೆ, ಹಗ್ಗ ಸರಿಯಿದೆ, ಬಾಗಿಲು ಸರಿಯಿದೆ, ಲಿಫ್ಟ್ ಓಡಿಸಬಹುದು. ಗುರುವಾರದ ತಾರೀಕು. ಗೊಂಚಲು ತೋರಿಸಿದ ಹಾಳೆಗೂ ಇದಕ್ಕೂ ಒಂದು ಚುಕ್ಕೆಯ ವ್ಯತ್ಯಾಸವೂ ಇರಲಿಲ್ಲ.

ಅಂಗಡಿಗೆ ಬೀಗ ಹಾಕಿ ಅಕ್ಕನ ಮನೆಗೆ ಹೋದೆ. ಭಾವ ನಡುಮನೆಯ ನೆಲದ ಮೇಲೆ ಪಕ್ಕದ ಮನೆಯವರ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ವಾರದಿಂದ ಅವರ ಮುಖಕ್ಕೆ ಬಣ್ಣ ಬಂದಿತ್ತು. "ಬಾ ಕಿಡಿ, ಇದರ ಮೋಟಾರಿನ ಬ್ರಷ್ ನೋಡು, ಬೆಂದು ಹೋಗಿದೆ," ಅಂದರು. ನಾನು ಎರಡು ಹಾಳೆಗಳನ್ನು ಅವರ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

ಭಾವ ಗುರುವಾರದ ಹಾಳೆ ಎತ್ತಿಕೊಂಡು ಓದಿದರು.

"ಇದು ನಾನು ಬರೆದಿಲ್ಲ," ಅಂದರು.

"ಭಾವ, ಗುರುವಾರ ವರದಿ ಹೇಗೆ ಮಾಡ್ತೀರಿ? ಒಂದೊಂದಾಗಿ ಹೇಳಿ."

"ಹೇಗೆ ಅಂದ್ರೆ? ಎಲ್ಲರೂ ಮಾಡೋ ಹಾಗೆ. ಒಂದು 'ಎಲ್ಲ ಸರಿ' ಅಂತ ಇರೋದು ಇಟ್ಕೊಂಡಿರ್ತೀವಿ. ಅದನ್ನ ತೆರೆಯೋದು, ಕಟ್ಟಡದ ಹೆಸರು, ತಾರೀಕು ಹಾಕೋದು, ಆ ಕಟ್ಟಡದ ಹೆಸರಲ್ಲಿ ಉಳಿಸೋದು. ಒಂಬತ್ತು ಸಲ. ಹಳೇದು ಇದೆ, ಅದರ ಮೇಲೇ ಬರೀಲಾ ಅಂತ ಕೇಳುತ್ತೆ. ಹೂಂ ಅನ್ನೋದು. ಆಮೇಲೆ ಎಲ್ಲಾನೂ ಒಟ್ಟಿಗೆ ಪ್ರಿಂಟ್..."

ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ನೆಲಕ್ಕಿಟ್ಟರು.

"ಸೋಮವಾರ ಪ್ರಿಂಟರ್ ಕೆಟ್ಟಿತ್ತು," ಅಂದರು. "ಗುರುವಾರ ಹೇಗಿದ್ರೂ ಪ್ರಿಂಟ್ ಮಾಡ್ತೀನಲ್ಲ, ಆಗ ಕೊಟ್ರಾಯ್ತು ಅಂದುಕೊಂಡೆ."

ಸೋಮವಾರ ಅವರಿಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು, ಏಕೆಂದರೆ ಅವತ್ತು ಹೊಸದೇನನ್ನೋ ಬರೆದಿದ್ದರು. ಗುರುವಾರ ಎಲ್ಲ ಗುರುವಾರಗಳ ಹಾಗೇ ಇದ್ದುದರಿಂದ ಒಂಚೂರೂ ನೆನಪಿರಲಿಲ್ಲ. ಇಷ್ಟು ದಿನ ಅವರು ಸುಳ್ಳು ಹೇಳಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು.

ಅಕ್ಕನಿಗೆ ಅಳು ಬರಲಿಲ್ಲ. "ಆ ಅಂಕಿ ಹಿಂದೆ ಮುಂದೆ ಅನ್ನೋದು ಯಾರಿಗೆ ಗೊತ್ತು?" ಅಂದಳು.

"ನನಗೆ."

"ಇನ್ಯಾರಿಗೆ?"

"ಯಾರಿಗೂ ಇಲ್ಲ."

"ಮತ್ತೆ ಬಾಯಿ ಮುಚ್ಕೊಂಡಿರು. ಸೋಮವಾರದ್ದು ಸುಳ್ಳಾ? ಇವರೇ ಬರೆದಿದ್ದು ತಾನೇ? ನೀನು ಏನೂ ಹುಟ್ಟಿಸಿ ಹೇಳ್ತಾ ಇಲ್ವಲ್ಲ."

"ಆ ಮ್ಯಾನೇಜರ್ ಜೈಲಿಗೆ ಹೋಗ್ತಾನೆ ಅಕ್ಕಾ."

"ಹೋಗ್ಲಿ. ನಿಂಗೆ ಕೈ ಹಿಡಿದು ಕೆಲಸ ಕಲಿಸಿದ್ದು ಅವನಾ, ಇವರಾ?"

ನಾನು ಭಾವನ ಮುಖ ನೋಡಿದೆ, ಅವರು ದೊಡ್ಡ ಮಾತೊಂದನ್ನು ಆಡಿ ನನ್ನನ್ನು ಬಿಡಿಸುತ್ತಾರೆ ಎಂಬ ಆಸೆಯಿಂದ. ಅವರು ತಲೆ ಎತ್ತದೆ, "ಸೋಮವಾರದ್ದೇ ಇರ್ಲಿ ಕಿಡಿ," ಅಂದರು. "ನೀನು ಈಗಾಗ್ಲೇ ಕೊಟ್ಟಾಗಿದೆಯಲ್ಲ." ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು. ಹಾಳೆಗಳನ್ನು ಎತ್ತಿಕೊಂಡು ಬಂದೆ.

ಎರಡು ದಿನ ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡಿದೆ. ಲೆಕ್ಕ ಹಾಕಿದಷ್ಟೂ ಇನ್ನೂ ಕೆಟ್ಟದ್ದು ಕಾಣುತ್ತಿತ್ತು. ನಾನು ಈ ಚಿಪ್ಪನ್ನು ಮುಟ್ಟದೇ ಇದ್ದಿದ್ದರೆ ಭಾವನದು ಬರೀ ಕಣ್ತಪ್ಪು: ನೋಡಿದರು, ದೋಷ ಕಾಣಲಿಲ್ಲ. ಈಗ ಎರಡೂ ಹಾಳೆ ಒಟ್ಟಿಗೆ ಕೊಟ್ಟರೆ ದೋಷ ಕಂಡಿತ್ತು, ಗೊತ್ತಿತ್ತು, ಆದರೂ ಸರಿಯಿದೆ ಎಂದು ಸಹಿ ಹಾಕಿದರು ಎಂದಾಗುತ್ತದೆ. ಅವರನ್ನು ಉಳಿಸಲು ಹೋಗಿ ಅವರ ವಿರುದ್ಧದ ಸಾಕ್ಷಿಯನ್ನು ನನ್ನ ಕೈಯಾರೆ ತೆಗೆದಿದ್ದೆ. ಗುರುವಾರದ ಹಾಳೆ ಮಾತ್ರ ಕೊಟ್ಟು ಸೋಮವಾರದ್ದು ನನ್ನದೇ ತಪ್ಪು ಎಂದುಬಿಡಲೇ ಎಂದೂ ಯೋಚಿಸಿದೆ. ಸೋಮವಾರದ್ದು ಆಗಲೇ ಸಮಿತಿಯ ಕಡತದಲ್ಲಿತ್ತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಆಚೆ ಮೂವರು. ಅಧ್ಯಕ್ಷೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡ ವಯಸ್ಸಾದ ಎಂಜಿನಿಯರ್. ಗೋಡೆಯ ಬಳಿ ಗೊಂಚಲು ಕೂತಿದ್ದ. ಬೀಗದ ಕೈಗಳಿಲ್ಲದೆ ಅವನ ಸೊಂಟ ಬೋಳಾಗಿತ್ತು, ಗಡ್ಡ ಬೆಳೆದಿತ್ತು. ಕಿಟಕಿಯ ಪಕ್ಕ, ಕಾಲು ನೀಡಿದ ಗಾಲಿಕುರ್ಚಿಯಲ್ಲಿ, ಗುಡಿಸುವ ಹೆಂಗಸು. ನಾನು ಅವಳನ್ನು ನೋಡಿದ್ದು ಅದೇ ಮೊದಲು. ಇಷ್ಟು ದಿನ ನನ್ನ ಪಾಲಿಗೆ ಅವಳು ಒಂದು ಸೊಂಟ, ಒಂದು ಕಾಲು ಆಗಿದ್ದಳು ಅಷ್ಟೆ. ನೋಡಿದರೆ ನನ್ನ ಅಕ್ಕನ ವಯಸ್ಸು.

"ನನ್ನ ಪತ್ರ ತಪ್ಪು," ಅಂದೆ. ಹೇಳಬೇಕೆಂದು ತೀರ್ಮಾನಿಸಿ ಹೋಗಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ಗೊಂಚಲಿನ ಬೋಳು ಸೊಂಟ ನೋಡಿದ ಮೇಲೆ ಬೇರೆ ಮಾತು ಬಾಯಿಗೆ ಬರಲಿಲ್ಲ. ಹಿಂದಕ್ಕೆ ಎಣಿಸುವ ಅಂಕಿಯ ವಿಷಯ ಹೇಳಿದೆ, ಜೋಡಿ ಪೆನ್‌ಡ್ರೈವಿನಲ್ಲಿ ಮಾಡಿದ ಪರೀಕ್ಷೆ ತೋರಿಸಿದೆ, ಗುರುವಾರದ ಹಾಳೆಯನ್ನು ಮೇಜಿನ ಮೇಲಿಟ್ಟೆ. ಗೊಂಚಲು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹಿಂದಿನ ಸಾಲಿನಲ್ಲಿ ಅಕ್ಕ ಎದ್ದು ಹೊರಗೆ ಹೋದ ಸದ್ದಾಯಿತು.

ಅಧ್ಯಕ್ಷೆ ಭಾವನ ಕಡೆ ತಿರುಗಿದರು. "ಸೋಮವಾರ ಬರೆದದ್ದೂ ನೀವೇ, ಗುರುವಾರ ಅದರ ಮೇಲೆ ಬರೆದದ್ದೂ ನೀವೇ. ಒಪ್ಕೋತೀರಾ?"

ಭಾವ ಎದ್ದು ನಿಂತರು. ಒಪ್ಪಿಕೊಂಡರು. ಪ್ರಿಂಟರ್ ಕೆಟ್ಟದ್ದು, ಒಂಬತ್ತು ಕಟ್ಟಡ, ಹೊಸ ಲೈನಿಂಗಿಗೆ ಬರೆದು ಹಾಕಿದ್ದು, ಅದು ಬರುವವರೆಗೆ ಹಳೆಯದು ಒಂದು ವಾರ ತಡೆಯುತ್ತದೆ ಎಂದುಕೊಂಡದ್ದು, ಎಲ್ಲವನ್ನೂ ಹೇಳಿದರು. ಆದರೆ ಸೋಮವಾರ ತಾವು ಬರೆದದ್ದಂತೂ ನಿಜ, ಅದನ್ನು ದಯವಿಟ್ಟು ಗಮನಿಸಬೇಕು ಎಂದು ಎರಡೆರಡು ಸಲ ಹೇಳಿದರು.

"ಅಣ್ಣಾ, ಒಂದು ಮಾತು ಕೇಳ್ಲಾ?"

ಕಿಟಕಿಯ ಕಡೆಯಿಂದ ಬಂದ ದನಿ. ಅಧ್ಯಕ್ಷೆ ತಡೆಯಲಿಲ್ಲ.

"ಕೇಳಮ್ಮ," ಅಂದರು ಭಾವ.

"ಆ ಸೋಮವಾರ ನೀವು ಮೇಲಿಂದ ಇಳಿದು ಬಂದಾಗ ಕೈಯೆಲ್ಲ ಗ್ರೀಸ್ ಆಗಿತ್ತು. ನಾನೇ ಸೋಪು ಕೊಟ್ಟು ನೀರು ಹಾಕಿದೆ. ನೆನಪಿದ್ಯಾ?"

"ಇದೆ."

"ಆಮೇಲೆ ನಾನು ಬಕೆಟ್ ಎತ್ಕೊಂಡು ಲಿಫ್ಟಿಗೆ ಹೋದೆ. ಬಕೆಟ್ ಭಾರ ಇದೆ ಅಂತ ನೀವೇ ಬಂದು ಬಾಗಿಲು ಹಿಡ್ಕೊಂಡ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ಗೊತ್ತಿಲ್ಲದ್ದನ್ನು ಕೇಳುವವಳ ಹಾಗೆ ಕೇಳುತ್ತಿದ್ದಳು. "ಅವತ್ತಿಂದ ಎಂಟು ದಿನ ಅದ್ರಲ್ಲೇ ಹತ್ತಿ ಇಳಿದಿದೀನಿ. ಹತ್ತಬೇಡಮ್ಮ ಅಂತ ಬಾಯಲ್ಲಿ ಒಂದು ಮಾತು ಹೇಳಬಾರದಿತ್ತಾ ಅಣ್ಣಾ?"

ಭಾವ ನನ್ನ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ. ಅಕ್ಕ ಅಲ್ಲಿರಲಿಲ್ಲ.

"ಬರೆದಿದ್ನಲ್ಲಮ್ಮ," ಅಂದರು ಕೊನೆಗೆ.

ಗುಮಾಸ್ತ ಅದನ್ನೂ ಬರೆದುಕೊಂಡ.